ನಿಮಗಿದು ಗೊತ್ತೆ? ಸಂತರಿಗೆ ಇಡುವ ಮೊರೆಗೆ ಬೈಬಲಿನ ಆಧಾರ

ಶಿರಸಿಯ ಸಂತ ಅಂತೋನಿ ಚರ್ಚಿನಲ್ಲಾಗಲಿ, ಯಲ್ಲಾಪುರದ ಕ್ರೈಸ್ತ ಸಿದ್ದಿಗಳ ಮನೆಗಳಲ್ಲಾಗಲಿ, ಕಥೋಲಿಕರು ಸಂತರಲ್ಲಿ ಬೇಡುವುದು ‘ನಮಗಾಗಿ ಪ್ರಾರ್ಥಿಸಿ’ ಎಂದು. ವರ ಕೊಡುವವನು ದೇವರೇ. ಸಂತರು ಭಕ್ತರ ಜೊತೆಗೆ ನಿಂತು ಬಿನ್ನವಿಸುವವರು ಎಂಬುದು ಧರ್ಮಸಭೆಯ ಬೋಧನೆ. ಇದೇ ಮಧ್ಯಸ್ಥ ಪ್ರಾರ್ಥನೆ.

ಒಬ್ಬರಿಗಾಗಿ ಇನ್ನೊಬ್ಬರು ಮೊರೆಯಿಡುವ ಪ್ರಸಂಗಗಳು ಬೈಬಲಿನ ಮೊದಲ ಪುಸ್ತಕದಿಂದಲೇ ಸಿಗುತ್ತವೆ. ಸೊದೋಮ್ ಪಟ್ಟಣಕ್ಕಾಗಿ ಅಬ್ರಹಾಮ ದೇವರೊಡನೆ ಚೌಕಾಶಿಗೇ ಇಳಿಯುತ್ತಾನೆ: 50 ಮಂದಿ ನೀತಿವಂತರಿದ್ದರೆ ಊರು ಉಳಿಯಲಿ ಎಂದು ಆರಂಭಿಸಿ 10ಕ್ಕೆ ತಂದು ನಿಲ್ಲಿಸುತ್ತಾನೆ (ಆದಿಕಾಂಡ 18). ಕಾನಾ ಊರಿನ ಮದುವೆಯಲ್ಲಿ ದ್ರಾಕ್ಷಾರಸ ಮುಗಿದದ್ದನ್ನು ಯೇಸುವಿಗೆ ತಿಳಿಸಿದವಳು ತಾಯಿ ಮರಿಯ (ಯೊವಾನ್ನ 2). ಒಬ್ಬರಿಗಾಗಿ ಒಬ್ಬರು ಪ್ರಾರ್ಥಿಸಬೇಕೆಂದು ಯಕೋಬನ ಪತ್ರ (5:16) ಹೇಳುತ್ತದೆ.

ತೀರಿಹೋದವರೂ ಪ್ರಾರ್ಥಿಸಬಲ್ಲರೇ? ವಾದ ಇರುವುದು ಇಲ್ಲೇ. ಕಥೋಲಿಕರು ತೋರಿಸುವುದು ಪ್ರಕಟನಾ ಗ್ರಂಥವನ್ನು (5:8): ಅಲ್ಲಿ ಸ್ವರ್ಗದ ಹಿರಿಯರು ಹಿಡಿದ ಚಿನ್ನದ ಪಾತ್ರೆಗಳಲ್ಲಿರುವ ಧೂಪವೆಂದರೆ ಭಕ್ತರ ಪ್ರಾರ್ಥನೆಗಳೇ. ಮಕ್ಕಬಿಯರ ಎರಡನೆಯ ಗ್ರಂಥದಲ್ಲಿ (15:14), ಎಂದೋ ತೀರಿಹೋಗಿದ್ದ ಪ್ರವಾದಿ ಯೆರೆಮೀಯ ಜನರಿಗಾಗಿ ಪ್ರಾರ್ಥಿಸುವ ಕನಸಿದೆ. ಇದು ಇನ್ನೂ ನೇರವಾದ ಆಧಾರ. ಆದರೆ ಈ ಗ್ರಂಥ ಪ್ರೊಟೆಸ್ಟೆಂಟ್ ಬೈಬಲಿನಲ್ಲಿಲ್ಲ. ದೇವರಿಗೂ ಮನುಷ್ಯರಿಗೂ ಮಧ್ಯಸ್ಥ ಕ್ರಿಸ್ತನೊಬ್ಬನೇ ಎಂಬ ಮಾತು (1 ತಿಮೊಥೇಯ 2:5) ಪ್ರೊಟೆಸ್ಟೆಂಟರ ಮುಖ್ಯ ಆಕ್ಷೇಪ. ಅದೇ ಅಧ್ಯಾಯ, ಎಲ್ಲರಿಗಾಗಿ ಬಿನ್ನಹ ಮಾಡಬೇಕೆಂಬ ಸೂಚನೆಯಿಂದಲೇ ಶುರುವಾಗುತ್ತದೆ ಎಂಬುದು ಕಥೋಲಿಕರ ಉತ್ತರ.

1563ರಲ್ಲಿ ಕಥೋಲಿಕ ಧರ್ಮಸಭೆಯ ಟ್ರೆಂಟ್ ಮಹಾಸಭೆ ಸಂತರಿಗೆ ಮೊರೆಯಿಡುವ ಈ ಪದ್ಧತಿಯನ್ನು ಎತ್ತಿಹಿಡಿಯಿತು. ಶಿರಸಿಯ ಚರ್ಚು ಯಾರ ಹೆಸರಿನಲ್ಲಿದೆಯೋ ಆ ಪಾದುವಾದ ಸಂತ ಅಂತೋನಿ ತೀರಿಕೊಂಡದ್ದು 1231ರ ಜೂನ್ 13ರಂದು. ಅವರ ಹಬ್ಬವೂ ಪ್ರತಿವರ್ಷ ಅದೇ ದಿನ.