ಹಳೆಯ ಯೆಜ್ಡಿ, ಆರ್.ಡಿ. 350 ಕೊಳ್ಳುವ ಮುನ್ನ: ವರ್ತಕ ಬಾಂಧವರು ಗಮನಿಸಬೇಕಾದ ಅಂಶಗಳು

ಹಳೆಯ ಯಂತ್ರಕ್ಕೆ ಬೆಲೆ ಕಟ್ಟುವ ವಿದ್ಯೆ ನಮ್ಮ ಜಿಲ್ಲೆಯ ಉದ್ಯಮಿಗಳಿಗೆ ಹೊಸದೇನಲ್ಲ. ಗಂಗಾವತಿಯ ಅಕ್ಕಿ ಗಿರಣಿಯ ಮಾಲೀಕರು ಹಳೆಯ ಹಲ್ಲರ್ ಕೊಳ್ಳುವಾಗ ಬೇರಿಂಗಿನ ಸದ್ದನ್ನು ಕಿವಿಗೊಟ್ಟು ಕೇಳುತ್ತಾರೆ. ಕೊಪ್ಪಳದ ಲೇತ್ ಕಾರ್ಯಾಗಾರದವರು ಬೆಡ್ಡಿನ ಸವೆತವನ್ನು ಅಳೆದು ನೋಡುತ್ತಾರೆ. ಕುಷ್ಟಗಿಯ ಕಲ್ಲಿನ ವ್ಯಾಪಾರಿಗಳು ಕಟಿಂಗ್ ಯಂತ್ರದ ಮೋಟಾರನ್ನು ತಾಸುಗಟ್ಟಲೆ ಓಡಿಸಿ ಪರೀಕ್ಷಿಸುತ್ತಾರೆ. ಆದರೆ ಇದೇ ಜಾಣ್ಮೆ ಹಳೆಯ ಮೋಟರ್ ಸೈಕಲ್ಲಿನ ಮುಂದೆ ನಿಂತಾಗ ಏಕೋ ಮರೆಯಾಗುತ್ತದೆ. ಕಾಲೇಜಿನ ದಿನಗಳಲ್ಲಿ ಕಂಡು ಆಸೆಪಟ್ಟಿದ್ದ ಗಾಡಿ, ಹೊಸ ಬಣ್ಣ, ಹೊಳೆಯುವ ಟ್ಯಾಂಕು, ಎರಡು ಸೈಲೆನ್ಸರುಗಳ ಗುಡುಗು. ಇವುಗಳಿಗೆ ಮನಸೋತು ಮುಂಗಡ ಕೊಟ್ಟ ಮೇಲೆಯೇ ಲೆಕ್ಕ ಆರಂಭವಾಗುತ್ತದೆ.

ಇಂತಹ ಗಾಡಿಗಳು ಈಗ ಅಗ್ಗದ ವಸ್ತುಗಳಲ್ಲ. ಸುಸ್ಥಿತಿಯ ಒಂದು ಗಾಡಿಗೆ ಹೊಸ ಮೋಟರ್ ಸೈಕಲ್ಲಿನ ಬೆಲೆಯನ್ನೇ ಕೇಳುವುದುಂಟು. ಸಣ್ಣ ವರ್ತಕನಿಗೆ ಅದು ಒಂದು ಹಂಗಾಮಿನ ದುಡಿಯುವ ಬಂಡವಾಳ. ಆದುದರಿಂದ ಈ ಖರೀದಿಯನ್ನೂ ಯಂತ್ರ ಖರೀದಿಯಂತೆಯೇ ಕ್ರಮಬದ್ಧವಾಗಿ ಮಾಡುವುದು ಲೇಸು.

ಯಾವ ಗಾಡಿ, ಯಾವ ಕಾಲದ್ದು?

ನಮ್ಮ ಭಾಗದಲ್ಲಿ ಮಾರಾಟಕ್ಕೆ ಬರುವ ಹಳೆಯ ಶಕ್ತಿಶಾಲಿ ಗಾಡಿಗಳಲ್ಲಿ ಎರಡು ಮುಖ್ಯ. ಒಂದು, ನಮ್ಮ ನಾಡಿನದೇ ಆದ ಯೆಜ್ಡಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜಾವಾ ಗಾಡಿಗಳು ತಯಾರಾದವು. 1970ರ ದಶಕದಲ್ಲಿ ಅವುಗಳಿಗೆ ಯೆಜ್ಡಿ ಎಂಬ ಹೆಸರು ಬಂದಿತು. 1978ರಲ್ಲಿ ಬಂದ ರೋಡ್‌ಕಿಂಗ್ ಮಾದರಿ 16 ಅಶ್ವಶಕ್ತಿಯದು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಅಂದರೆ ಮೂಲ ಮೈಸೂರು ಯೆಜ್ಡಿ ಯಾವುದೇ ಇರಲಿ, ಅದಕ್ಕೆ ಕನಿಷ್ಠ ಮೂರು ದಶಕಗಳ ಸವೆತ ಇದ್ದೇ ಇರುತ್ತದೆ.

ಎರಡನೆಯದು, ಎಸ್ಕಾರ್ಟ್ಸ್ ಸಂಸ್ಥೆಯು ಜಪಾನಿನ ಯಮಹಾ ಸಹಯೋಗದಲ್ಲಿ 1983ರಲ್ಲಿ ಹೊರತಂದ ರಾಜದೂತ್ 350, ಜನರ ಮಾತಿನಲ್ಲಿ ಆರ್.ಡಿ. 350. ಎರಡು ಸಿಲಿಂಡರ್, 347 ಸಿ.ಸಿ., ಆರು ಗೇರು. ಇದರಲ್ಲಿ ಎರಡು ಬಗೆ: ಮೊದಲು ಬಂದ 'ಹೈ ಟಾರ್ಕ್' 30.5 ಅಶ್ವಶಕ್ತಿಯದು, ಬಳಿಕ ಬಂದ 'ಲೋ ಟಾರ್ಕ್' 27 ಅಶ್ವಶಕ್ತಿಯದು. ಮೈಲೇಜಿಗಾಗಿ ಶಕ್ತಿಯನ್ನು ತಗ್ಗಿಸಲಾಗಿತ್ತು. ಮಾರುಕಟ್ಟೆಯಲ್ಲಿ ಹೈ ಟಾರ್ಕ್ ಗಾಡಿಗೆ ಬೆಲೆ ಹೆಚ್ಚು. ಆದುದರಿಂದಲೇ ಲೋ ಟಾರ್ಕ್ ಗಾಡಿಯನ್ನು ಹೈ ಟಾರ್ಕ್ ಎಂದು ಹೇಳಿ ಮಾರುವ ಸಾಧ್ಯತೆಯೂ ಹೆಚ್ಚು. ಎರಡೂ ಬಗೆಯನ್ನು ಬಿಚ್ಚಿ ಕಟ್ಟಿದ ಅನುಭವವಿರುವ ಮಿಸ್ತ್ರಿಯನ್ನು ಜೊತೆಗೆ ಕರೆದೊಯ್ಯದೆ ಈ ಮಾತನ್ನು ನಂಬಬಾರದು.

ಮೊದಲು ಕಾಗದ, ಆಮೇಲೆ ಗಾಡಿ

ಎಂಜಿನ್ ಕೆಟ್ಟಿದ್ದರೆ ಹಣ ಸುರಿದು ಸರಿಪಡಿಸಬಹುದು. ಕಾಗದ ಕೆಟ್ಟಿದ್ದರೆ ಹಣವೂ ಕೆಲಸಕ್ಕೆ ಬಾರದು. ದಾಖಲೆಯಿಲ್ಲದ ಗಾಡಿ ಬಿಡಿಭಾಗಗಳ ರಾಶಿಯೇ ಹೊರತು ವಾಹನವಲ್ಲ. ಅದಕ್ಕೆ ಆ ರಾಶಿಯ ಬೆಲೆಯನ್ನು ಮಾತ್ರ ಕೊಡತಕ್ಕದ್ದು.

ನಮ್ಮ ಜಿಲ್ಲೆ ರಚನೆಯಾದದ್ದು 1997ರಲ್ಲಿ. ಅದಕ್ಕೆ ಮೊದಲು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲೂಕುಗಳು ರಾಯಚೂರು ಜಿಲ್ಲೆಗೆ ಸೇರಿದ್ದವು. ಹೀಗಾಗಿ ಮಾರುವವರು 'ಇದು ನಮ್ಮೂರಿನದೇ ಗಾಡಿ' ಎಂದು ಹೇಳಿದರೂ, ಅದರ ಮೂಲ ನೋಂದಣಿ ಯಾವ ಕಚೇರಿಯ ದಾಖಲೆಯಲ್ಲಿದೆ, ಆ ದಾಖಲೆ ಗಣಕೀಕೃತವಾಗಿ ಆನ್‌ಲೈನ್‌ನಲ್ಲಿ ಕಾಣುತ್ತಿದೆಯೇ ಎಂಬುದನ್ನು ಮುಂಗಡ ಕೊಡುವ ಮುನ್ನವೇ ವಿಚಾರಿಸಬೇಕು. ಹಳೆಯ ಪುಸ್ತಕ ರೂಪದ ಆರ್.ಸಿ. ಕೈಯಲ್ಲಿದ್ದು, ಕಚೇರಿಯ ಗಣಕದಲ್ಲಿ ವಿವರವಿಲ್ಲದಿದ್ದರೆ ವರ್ಗಾವಣೆಯು ದೀರ್ಘ ಅಲೆದಾಟವಾಗುತ್ತದೆ.

ಗಮನಿಸಬೇಕಾದ ಇತರ ಸಂಗತಿಗಳು ಇವು:

1. ಚಾಸಿ ಮತ್ತು ಎಂಜಿನ್ ಸಂಖ್ಯೆಗಳನ್ನು ಆರ್.ಸಿ.ಯೊಂದಿಗೆ ಅಕ್ಷರಶಃ ಹೋಲಿಸಿ ನೋಡಬೇಕು. ಸಂಖ್ಯೆಯ ಸುತ್ತ ಉಜ್ಜಿದ ಗುರುತು, ದಪ್ಪ ಬಣ್ಣ, ವೆಲ್ಡಿಂಗ್ ಇದ್ದರೆ ಅಲ್ಲಿಗೇ ವ್ಯವಹಾರ ನಿಲ್ಲಿಸುವುದು ಕ್ಷೇಮ.

2. ಮಾರುವವರೇ ನೋಂದಾಯಿತ ಮಾಲೀಕರೇ? ಅನೇಕ ಹಳೆಯ ಗಾಡಿಗಳು ತೀರಿಹೋದ ತಂದೆಯ ಅಥವಾ ಅಜ್ಜನ ಹೆಸರಿನಲ್ಲಿಯೇ ಉಳಿದಿರುತ್ತವೆ. ಅಂತಹ ಸಂದರ್ಭದಲ್ಲಿ ವಾರಸುದಾರರು ಫಾರಂ 31ರ ಮೂಲಕ ಮೊದಲು ತಮ್ಮ ಹೆಸರಿಗೆ ಮಾಡಿಸಿಕೊಂಡು ಬಳಿಕ ಮಾರಬೇಕು. ಉಳಿದ ವಾರಸುದಾರರ ಒಪ್ಪಿಗೆಯೂ ಬರಹದಲ್ಲಿರಲಿ.

3. ಮಾರಾಟಕ್ಕೆ ಫಾರಂ 29 ಮತ್ತು 30. ಹಿಂದೆ ಸಾಲವಿದ್ದು ತೀರಿದ್ದರೆ ಫಾರಂ 35. ಹೊರ ರಾಜ್ಯದ ಗಾಡಿಯಾದರೆ ಫಾರಂ 28ರ ನಿರಾಕ್ಷೇಪಣಾ ಪತ್ರ. ತೆಲಂಗಾಣ, ಆಂಧ್ರ, ಮಹಾರಾಷ್ಟ್ರಗಳಿಂದ ಬಂದ ಗಾಡಿಗೆ ನಮ್ಮ ರಾಜ್ಯದ ತೆರಿಗೆಯ ಲೆಕ್ಕವನ್ನೂ ಮೊದಲೇ ಕೇಳಿ ತಿಳಿಯಬೇಕು.

4. ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನಗಳಲ್ಲಿ, ಕೊಂಡವರು 30 ದಿನಗಳಲ್ಲಿ ನೋಂದಣಿ ಅಧಿಕಾರಿಗೆ ತಿಳಿಸಬೇಕೆಂದು 1988ರ ಮೋಟಾರು ವಾಹನ ಕಾಯ್ದೆಯ 50ನೆಯ ಕಲಮು ಹೇಳುತ್ತದೆ. 'ಆಮೇಲೆ ನೋಡಿದರಾಯಿತು' ಎಂಬ ಮಾತು ಮಾರುವವರಿಗೂ ಅಪಾಯಕಾರಿ. ಅಪಘಾತವಾದರೆ ಹೊಣೆ ಕಾಗದದಲ್ಲಿರುವ ಮಾಲೀಕನ ಬಾಗಿಲಿಗೆ ಬರುತ್ತದೆ.

ನವೀಕರಣದ ಗುಪ್ತ ವೆಚ್ಚ

ಖಾಸಗಿ ವಾಹನದ ನೋಂದಣಿಗೆ 15 ವರ್ಷಗಳ ಆಯುಷ್ಯ. ಬಳಿಕ ವಾಹನವನ್ನು ತಪಾಸಣೆಗೆ ಒಪ್ಪಿಸಿ 5 ವರ್ಷಗಳಿಗೊಮ್ಮೆ ನವೀಕರಿಸಬೇಕು. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮದಂತೆ, ನವೀಕರಣ ತಡವಾದ ಪ್ರತಿ ತಿಂಗಳಿಗೆ ಮೋಟರ್ ಸೈಕಲ್ಲಿಗೆ 300 ರೂ. ಹೆಚ್ಚುವರಿ ಶುಲ್ಕವಿದೆ. ಮೂರು ವರ್ಷ ಸುಮ್ಮನೆ ನಿಂತ ಗಾಡಿಗೆ ಇದೊಂದೇ ಬಾಬಿನಲ್ಲಿ 10,800 ರೂ. ಆಗುತ್ತದೆ. 2025ರ ಆಗಸ್ಟಿನಲ್ಲಿ 20 ವರ್ಷ ದಾಟಿದ ಮೋಟರ್ ಸೈಕಲ್ಲಿನ ನವೀಕರಣ ಶುಲ್ಕವನ್ನು 2,000 ರೂ.ಗಳಿಗೆ ಏರಿಸಲಾಯಿತು. ಹಸಿರು ತೆರಿಗೆ ಮತ್ತು ವಿಮೆ ಇದರಿಂದ ಹೊರತು.

'ಇದು ವಿಂಟೇಜ್ ಗಾಡಿ, ಇದಕ್ಕೆ ಇವೆಲ್ಲ ಬೇಕಿಲ್ಲ' ಎಂದು ಕೆಲವರು ಹೇಳುವುದುಂಟು. 2021ರ ನಿಯಮಗಳ ಪ್ರಕಾರ ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲ ರೂಪದಲ್ಲಿರುವ ವಾಹನ ಮಾತ್ರ ವಿಂಟೇಜ್ ಎನಿಸುತ್ತದೆ. ಅದರ ನೋಂದಣಿ ಶುಲ್ಕ 20,000 ರೂ., ಅವಧಿ 10 ವರ್ಷ. ಅಂತಹ ವಾಹನವನ್ನು ನಿತ್ಯದ ಓಡಾಟಕ್ಕಾಗಲಿ ವ್ಯಾಪಾರಕ್ಕಾಗಲಿ ಬಳಸುವಂತಿಲ್ಲ. 1978ರ ಮೊದಲ ರೋಡ್‌ಕಿಂಗ್ ಕೂಡ 2028ಕ್ಕೆ ಮುನ್ನ ಈ ವರ್ಗಕ್ಕೆ ಸೇರದು, ಆರ್.ಡಿ. 350ಕ್ಕಂತೂ 2033ರವರೆಗೆ ಕಾಯಬೇಕು. ಅಲ್ಲಿಯವರೆಗೆ ಇವು ಕಾನೂನಿನ ದೃಷ್ಟಿಯಲ್ಲಿ ಸಾಧಾರಣ ಹಳೆಯ ವಾಹನಗಳೇ.

ತಣ್ಣಗಿನ ಎಂಜಿನ್ನಿನ ಸಾಕ್ಷ್ಯ

ಗಾಡಿ ನೋಡಲು ಹೋಗುವಾಗ ಬೆಳಗಿನ ಹೊತ್ತು ಹೋಗಬೇಕು; ಮೊದಲೇ ಚಾಲೂ ಮಾಡಿಡಬಾರದೆಂದು ಹೇಳಿರಬೇಕು. ತಲುಪಿದೊಡನೆ ಸಿಲಿಂಡರನ್ನು ಮುಟ್ಟಿ ನೋಡಿದರೆ ಸತ್ಯ ತಿಳಿಯುತ್ತದೆ. ಬಿಸಿಯಾದ ಎಂಜಿನ್ ತನ್ನ ಅರ್ಧ ದೋಷಗಳನ್ನು ಮುಚ್ಚಿಡುತ್ತದೆ.

ಈ ಎರಡೂ ಗಾಡಿಗಳು ಟೂ ಸ್ಟ್ರೋಕ್ ಎಂಜಿನ್ನಿನವು. ಇವುಗಳಲ್ಲಿ ಪೆಟ್ರೋಲ್ ಮಿಶ್ರಣ ಮೊದಲು ಕ್ರ್ಯಾಂಕ್ ಕೋಣೆಗೆ ಬಂದು ನಂತರ ಸಿಲಿಂಡರಿಗೆ ಹೋಗುತ್ತದೆ. ಆದುದರಿಂದ ಕ್ರ್ಯಾಂಕಿನ ಎರಡು ತುದಿಯ ಆಯಿಲ್ ಸೀಲುಗಳೇ ಎಂಜಿನ್ನಿನ ಜೀವಾಳ. ಕ್ಲಚ್ ಕಡೆಯ ಸೀಲು ಹೋದರೆ ಗೇರಿನ ಎಣ್ಣೆ ಒಳಗೆ ಎಳೆಯಲ್ಪಟ್ಟು ನಿಲ್ಲದ ದಟ್ಟ ಬಿಳಿ ಹೊಗೆ ಬರುತ್ತದೆ. ಇನ್ನೊಂದು ಕಡೆಯ ಸೀಲು ಹೋದರೆ ಗಾಳಿ ಒಳಸೇರಿ ಮಿಶ್ರಣ ತೆಳುವಾಗುತ್ತದೆ, ಎಕ್ಸಲರೇಟರ್ ಬಿಟ್ಟರೂ ಎಂಜಿನ್ನಿನ ವೇಗ ಇಳಿಯದು. ಈ ಎರಡನೆಯ ದೋಷವೇ ಹೆಚ್ಚು ಕೆಟ್ಟದ್ದು. ನಮ್ಮ ಬೇಸಿಗೆಯಲ್ಲಿ ತೆಳು ಮಿಶ್ರಣದೊಂದಿಗೆ ಹೆದ್ದಾರಿಯ ಮೇಲೆ ವೇಗವಾಗಿ ಓಡಿಸಿದರೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡು ಹಿಂದಿನ ಚಕ್ರ ಒಮ್ಮೆಲೇ ಬಿಗಿಯುತ್ತದೆ. ಇಲ್ಲಿ ನಷ್ಟ ಹಣದ್ದು ಮಾತ್ರವಲ್ಲ, ಪ್ರಾಣದ್ದು. ಆರಂಭದಲ್ಲಿ ಸ್ವಲ್ಪ ಹೊಗೆ ಬಂದು ಬಿಸಿಯಾದಂತೆ ಕಡಿಮೆಯಾದರೆ ಅದು ಸಹಜ.

ಮುಂದಿನ ಪರೀಕ್ಷೆ ಬೋರಿನದು. ಯೆಜ್ಡಿಯ ಮೂಲ ಬೋರ್ 65 ಮಿ.ಮೀ., ಆರ್.ಡಿ. 350ದು 64 ಮಿ.ಮೀ. ಎಷ್ಟು ಬಾರಿ ಬೋರ್ ಹೊಡೆಸಿದೆ, ಈಗಿನ ಪಿಸ್ಟನ್ ಯಾವ ಅಳತೆಯದು ಎಂದು ಕೇಳಬೇಕು. ಕೊನೆಯ ಅಳತೆಗೆ ಬಂದಿದ್ದರೆ ಮುಂದಿನ ಕೆಲಸ ಹೊಸ ಸ್ಲೀವು ಹಾಕಿಸುವುದೇ. ಕಂಪ್ರೆಷನ್ ಗೇಜು ಸಿಕ್ಕರೆ ಒಳ್ಳೆಯದು. ಆರ್.ಡಿ.ಯಲ್ಲಿ ಎರಡೂ ಸಿಲಿಂಡರುಗಳ ಒತ್ತಡ ಹೆಚ್ಚುಕಡಿಮೆ ಸಮನಾಗಿರಬೇಕು. ದೊಡ್ಡ ಅಂತರವಿದ್ದರೆ ಒಂದು ಕಡೆ ಸವೆದಿದೆ ಎಂದೇ ಅರ್ಥ.

ಸದ್ದಿನಲ್ಲಿಯೂ ಭೇದವಿದೆ. ತಣ್ಣಗಿದ್ದಾಗ ಕೇಳಿಬಂದು ಬಿಸಿಯಾದ ಮೇಲೆ ತಗ್ಗುವ ಟಕಟಕ ಸದ್ದು ಪಿಸ್ಟನ್ನಿನದು. ಭಾರ ಬಿದ್ದಾಗ ಹೆಚ್ಚುವ ಆಳವಾದ ಕುಟ್ಟುವ ಸದ್ದು ಕನೆಕ್ಟಿಂಗ್ ರಾಡಿನ ಬೇರಿಂಗಿನದು. ಎರಡನೆಯದಕ್ಕೆ ಕ್ರ್ಯಾಂಕನ್ನೇ ಹೊರತೆಗೆದು ಪ್ರೆಸ್ಸಿನಲ್ಲಿ ಬಿಡಿಸಿ ಕಟ್ಟಬೇಕು. ಆರ್.ಡಿ.ಯ ಜೋಡಿ ಕ್ರ್ಯಾಂಕನ್ನು ನೇರಗೊಳಿಸುವುದು ಎಲ್ಲರ ಕೈಗೆ ಬಗ್ಗುವ ಕೆಲಸವಲ್ಲ.

ಚಾಸಿ, ಬ್ರೇಕು, ಟ್ಯಾಂಕು

ಗಾಡಿಯನ್ನು ನಡುಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಹ್ಯಾಂಡಲನ್ನು ನಿಧಾನವಾಗಿ ಹೊರಳಿಸಿದಾಗ ನಡುವೆ ಕಚ್ಚಿಕೊಂಡಂತಾದರೆ ಸ್ಟೇರಿಂಗ್ ಬೇರಿಂಗ್ ಸವೆದಿದೆ. ಹಿಂಚಕ್ರವನ್ನು ಅಡ್ಡಲಾಗಿ ಅಲ್ಲಾಡಿಸಿದರೆ ಸ್ವಿಂಗ್ ಆರ್ಮಿನ ಬುಷ್ ತಿಳಿಯುತ್ತದೆ. ಎರಡು ಚಕ್ರಗಳಿಗೆ ದಾರ ಹಿಡಿದು ನೋಡಿದರೆ ಚಾಸಿ ಬಾಗಿದೆಯೇ ಎಂಬುದು ಗೊತ್ತಾಗುತ್ತದೆ. ಕಾಲುವೆ ಪ್ರದೇಶದ ಗದ್ದೆ ಕೆಸರಿನಲ್ಲಿ ಓಡಿದ ಗಾಡಿಯ ತಳಭಾಗದಲ್ಲಿ ತುಕ್ಕನ್ನೂ, ಯಲಬುರ್ಗಾ, ಕುಷ್ಟಗಿಗಳ ಒಣ ಧೂಳಿನಲ್ಲಿ ಓಡಿದ ಗಾಡಿಯ ಏರ್ ಫಿಲ್ಟರನ್ನೂ ವಿಶೇಷವಾಗಿ ನೋಡಬೇಕು. ಫಿಲ್ಟರಿಲ್ಲದೆ ಓಡಿದ್ದರೆ ಬೋರ್ ಬೇಗ ಸವೆದಿರುತ್ತದೆ.

ಆರ್.ಡಿ. 350ರ ಬ್ರೇಕಿನ ಬಗ್ಗೆ ಒಂದು ಎಚ್ಚರಿಕೆ. ಜಪಾನಿನ ಮೂಲ ಮಾದರಿಯಲ್ಲಿ ಮುಂದೆ ಡಿಸ್ಕ್ ಬ್ರೇಕ್ ಇತ್ತು. ನಮ್ಮ ದೇಶದ ಗಾಡಿಗೆ ಡ್ರಮ್ ಕೊಡಲಾಯಿತು. ಓಟಕ್ಕೆ ತಕ್ಕ ತಡೆ ಇಲ್ಲವೆಂಬುದು ಆಗಿನಿಂದಲೂ ಇರುವ ದೂರು. ಹೊಸ ಲೈನರ್, ಒಳ್ಳೆಯ ಟಯರ್ ಇವುಗಳ ವೆಚ್ಚವನ್ನು ಖರೀದಿಯ ಭಾಗವೆಂದೇ ಎಣಿಸಬೇಕು.

ಟ್ಯಾಂಕಿನ ಒಳಗೆ ಟಾರ್ಚ್ ಬಿಟ್ಟು ತುಕ್ಕನ್ನು ನೋಡಬೇಕು. ಈಗ ಪಂಪುಗಳಲ್ಲಿ ಸಿಗುವ ಶೇ. 20 ಎಥನಾಲ್ ಬೆರೆತ ಪೆಟ್ರೋಲು ನೀರಿನಂಶವನ್ನು ಹೀರಿಕೊಳ್ಳುತ್ತದೆ, ಹಳೆಯ ರಬ್ಬರ್ ಪೈಪು ಹಾಗೂ ವಾಷರುಗಳನ್ನು ಕೆಡಿಸುತ್ತದೆ, ಮಿಶ್ರಣವನ್ನು ಕೊಂಚ ತೆಳುವಾಗಿಸುತ್ತದೆ. ಹಳೆಯ ಜೆಟ್ಟಿನಲ್ಲಿಯೇ ಓಡಿಸುವವರು ಇದನ್ನು ಅರಿತಿರಬೇಕು.

ಬೆಲೆ ಕಟ್ಟುವ ಕ್ರಮ

ಕೇಳಿದ ಬೆಲೆಯಿಂದ ಚೌಕಾಸಿ ಆರಂಭಿಸುವುದು ಸರಿಯಾದ ಕ್ರಮವಲ್ಲ. ಅಂತಹದೇ ಗಾಡಿ, ಎಲ್ಲ ಕಾಗದ ಸರಿಯಿದ್ದು ಓಡುವ ಸ್ಥಿತಿಯಲ್ಲಿ ಎಷ್ಟಕ್ಕೆ ಸಿಗುತ್ತದೆ ಎಂಬುದನ್ನು ಮೊದಲು ತಿಳಿದು, ಅದರಿಂದ ಖರ್ಚುಗಳನ್ನು ಕಳೆಯುತ್ತ ಬರಬೇಕು. ಲೆಕ್ಕದ ಕ್ರಮ ತೋರಿಸಲು ಮಾತ್ರ ಒಂದು ಉದಾಹರಣೆ: ಸುಸ್ಥಿತಿಯ ಬೆಲೆ 1,40,000 ರೂ. ಎಂದಿರಲಿ. ಎಂಜಿನ್ ಕೆಲಸ 30,000. ಟಯರ್, ಬ್ರೇಕು, ವೈರಿಂಗ್ 12,000. ಮೂರು ವರ್ಷ ತಡವಾದ ನವೀಕರಣ 12,800. ಬಿಚ್ಚಿದ ಮೇಲೆ ಕಾಣುವ ದೋಷಗಳಿಗೆ ಶೇ. 10ರಂತೆ 14,000. ಒಟ್ಟು 68,800 ರೂ. ಕಳೆದರೆ ಉಳಿಯುವುದು 71,200 ರೂ. ಇದಕ್ಕಿಂತ ಹೆಚ್ಚು ಕೊಟ್ಟರೆ ಆ ಹೆಚ್ಚಳ ಗಾಡಿಗಲ್ಲ, ಆಸೆಗೆ ಕೊಟ್ಟದ್ದು.

ಹಣವನ್ನು ಬ್ಯಾಂಕಿನ ಮೂಲಕವೇ ಕೊಡುವುದು ಎರಡೂ ಕಡೆಯವರಿಗೆ ರಕ್ಷಣೆ. ಒಂದೇ ವ್ಯವಹಾರಕ್ಕೆ 2 ಲಕ್ಷ ರೂ. ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸುತ್ತದೆ. ಹಳೆಯ ಗಾಡಿಗಳನ್ನು ವ್ಯಾಪಾರವಾಗಿಯೇ ಕೊಂಡು ಮಾರುವ ಜಿ.ಎಸ್.ಟಿ. ನೋಂದಾಯಿತ ಸದಸ್ಯರು, 2025ರ ಜನವರಿಯಿಂದ ಲಾಭಾಂಶದ ಮೇಲಿನ ತೆರಿಗೆ ಶೇ. 18 ಆಗಿರುವುದನ್ನು ಬೆಲೆಯಲ್ಲಿ ಸೇರಿಸಿಕೊಳ್ಳತಕ್ಕದ್ದು.

ನಮ್ಮ ಕಾರ್ಯಾಗಾರಗಳಿಗೂ ಅವಕಾಶ

ಈ ವಿಷಯಕ್ಕೆ ಇನ್ನೊಂದು ಮುಖವಿದೆ. ಮೂಲ ತಯಾರಿಕೆ ನಿಂತುಹೋದ ಗಾಡಿಗಳಿಗೆ ಬುಷ್, ಸ್ಪಿಂಡಲ್, ಸ್ಲೀವು, ಸ್ಟ್ಯಾಂಡು, ಬ್ರಾಕೆಟ್ಟುಗಳನ್ನು ನಿಖರ ಅಳತೆಯಲ್ಲಿ ಮಾಡಿಕೊಡುವವರು ಬೇಕು. ಎರಕ ಹಾಗೂ ಲೇತ್ ಕೆಲಸದ ಪರಿಣತಿ ನಮ್ಮ ಜಿಲ್ಲೆಯಲ್ಲಿಯೇ ಇದೆ. ಪಂಪ್‌ಸೆಟ್ಟಿಗೆ ಬುಷ್ ಕಟ್ಟುವ ಕೈಗೆ ಯೆಜ್ಡಿಯ ಬುಷ್ ಕಷ್ಟವಲ್ಲ. ಬೇಕಾಗಿರುವುದು ಸರಿಯಾದ ಲೋಹ, ಮೈಕ್ರೋಮೀಟರಿನ ಅಳತೆ ಮತ್ತು ಬರೆದುಕೊಟ್ಟ ಬಿಲ್ಲು. ಕೊಳ್ಳುವವರು ಪರೀಕ್ಷಿಸಿ ಕೊಂಡರೆ, ದುರಸ್ತಿ ಮಾಡುವವರು ಅಳತೆ ತಪ್ಪದೆ ಮಾಡಿದರೆ, ಮೈಸೂರಿನಲ್ಲಿ ತಯಾರಾದ ಆ ಗಾಡಿಗಳು ನಮ್ಮ ರಸ್ತೆಗಳ ಮೇಲೆ ಇನ್ನೂ ಕೆಲವು ದಶಕ ಸುರಕ್ಷಿತವಾಗಿ ಓಡಿಯಾವು.