ಖಾಲಿ ಟೇಪಿನ ದಾಸ್ತಾನು: ಒಂದು ವಿವೇಚನೆ

ಯಂತ್ರವು ಬಾಳುವಷ್ಟು ಕಾಲ ಅದಕ್ಕೆ ಬೇಕಾದ ಸಾಮಗ್ರಿಯೂ ದೊರೆಯುತ್ತಿರುವುದೆಂಬ ನಿಯಮವೇನೂ ಇಲ್ಲ. ಸುರುಳಿ ಟೇಪಿನ ಧ್ವನಿಮುದ್ರಣ ಯಂತ್ರಗಳು ಇದಕ್ಕೆ ಒಳ್ಳೆಯ ನಿದರ್ಶನ. ಚೆನ್ನಾಗಿ ಕಟ್ಟಿದ ಯಂತ್ರವು ಐವತ್ತು ವರ್ಷಗಳ ಬಳಿಕವೂ ದುರಸ್ತಿ ಪಡೆದು ಓಡಬಲ್ಲುದು. ಆದರೆ ಖಾಲಿ ಟೇಪಿಲ್ಲದೆ ಅದು ಹೊಸದೇನನ್ನೂ ಮುದ್ರಿಸಲಾರದು. ಆದುದರಿಂದಲೇ ಇಂತಹ ಯಂತ್ರಗಳನ್ನು ಇಂದಿಗೂ ಬಳಸುವವರು ಟೇಪನ್ನು ಕೂಡಿಡುವ ಚಿಂತೆಯಲ್ಲಿರುತ್ತಾರೆ.

ಈ ಚಿಂತೆ ಟೇಪಿನಷ್ಟೇ ಹಳೆಯದು. ಕಾಗದದ ಪಟ್ಟಿಗೆ ಕಾಂತೀಯ ಪುಡಿ ಬಳಿದು ಧ್ವನಿ ಹಿಡಿಯುವ ವಿಧಾನಕ್ಕೆ ಫ್ರಿಟ್ಸ್ ಫ್ಲಾಯ್ಮರ್ ಜರ್ಮನಿಯಲ್ಲಿ 1928ರಲ್ಲಿ ಪೇಟೆಂಟು ಬೇಡಿದನು. 1935ರಲ್ಲಿ ಮ್ಯಾಗ್ನೆಟೊಫೋನ್ ಯಂತ್ರವು ಬರ್ಲಿನ್ನಿನ ರೇಡಿಯೋ ಪ್ರದರ್ಶನದಲ್ಲಿ ಕಾಣಿಸಿಕೊಂಡಿತು. ಮಹಾಯುದ್ಧದ ಬಳಿಕ ಅಮೆರಿಕದ ಸೇನಾಧಿಕಾರಿ ಜ್ಯಾಕ್ ಮಲ್ಲಿನ್ ಅಂತಹ ಎರಡು ಯಂತ್ರಗಳನ್ನೂ 50 ಸುರುಳಿ ಟೇಪನ್ನೂ ತನ್ನ ದೇಶಕ್ಕೆ ಸಾಗಿಸಿದನು. ಗಾಯಕ ಬಿಂಗ್ ಕ್ರಾಸ್ಬಿಯ ರೇಡಿಯೋ ಕಾರ್ಯಕ್ರಮವು 1947ರಲ್ಲಿ ಟೇಪಿಗೆ ಬಂದುದು ಈ ದಾಸ್ತಾನಿನ ಬಲದಿಂದಲೇ. ಬೇರೆ ಸರಬರಾಜಿಲ್ಲದ ಕಾರಣ ಮಲ್ಲಿನ್ ಅದನ್ನೇ ಕತ್ತರಿಸಿ, ಅಂಟಿಸಿ, ಅಳಿಸಿ ಮತ್ತೆ ಬಳಸಬೇಕಾಯಿತು.

ಟೇಪಿನ ವೆಚ್ಚವನ್ನು ಲೆಕ್ಕ ಹಾಕಿ ನೋಡಬಹುದು. ಹತ್ತೂವರೆ ಅಂಗುಲದ ಸುರುಳಿಯಲ್ಲಿ ಸಾಮಾನ್ಯವಾಗಿ 2,500 ಅಡಿ ಟೇಪಿರುತ್ತದೆ. ಸೆಕೆಂಡಿಗೆ 15 ಅಂಗುಲದ ವೇಗದಲ್ಲಿ ಅದು ಸುಮಾರು 33 ನಿಮಿಷಕ್ಕೆ ಮುಗಿಯುತ್ತದೆ. 30 ಅಂಗುಲದ ವೇಗದಲ್ಲಿ ಅದರ ಅರ್ಧಕ್ಕೆ. ನೂರು ಸುರುಳಿಗಳ ಭಂಡಾರವೆಂದರೆ ಮೊದಲ ವೇಗದಲ್ಲಿ ಕೇವಲ 55 ಗಂಟೆಗಳ ಧ್ವನಿ.

2005ರ ಜನವರಿಯಲ್ಲಿ ಈ ಲೆಕ್ಕ ಭೀತಿಯಾಗಿ ಪರಿಣಮಿಸಿತು. ಆಂಪೆಕ್ಸ್ ಟೇಪಿನ ಉತ್ತರಾಧಿಕಾರಿಯಾದ ಕ್ವಾಂಟೆಜಿ ಸಂಸ್ಥೆಯು ಅಲಬಾಮಾದ ಒಪೆಲೈಕಾದಲ್ಲಿದ್ದ ಕಾರ್ಖಾನೆಯನ್ನು ಮುಚ್ಚಿ ದಿವಾಳಿ ರಕ್ಷಣೆ ಕೋರಿತು. ಸ್ಟುಡಿಯೋಗಳು ಅಂಗಡಿಗಳಲ್ಲಿ ಉಳಿದಿದ್ದ ಸುರುಳಿಗಳನ್ನು ಕೊಂಡು ಕೂಡಿಟ್ಟವು, ಬೆಲೆಯೂ ಏರಿತು. ಕಾರ್ಖಾನೆ ಮತ್ತೆ ಕೆಲಕಾಲ ನಡೆದರೂ ಉಳಿಯಲಿಲ್ಲ. ಇಂದು ಫ್ರಾನ್ಸಿನ ಅವ್ರಾಂಶ್‌ನಲ್ಲಿ ಬಾಸ್ಫ್ ಮತ್ತು ಆಗ್ಫಾಗಳ ಹಳೆಯ ಪಾಕಗಳ ಪರಂಪರೆಯಲ್ಲಿ ಟೇಪು ತಯಾರಾಗುತ್ತದೆ. ಪೆನ್ಸಿಲ್ವೇನಿಯಾದ ಯಾರ್ಕ್‌ನ ಎ.ಟಿ.ಆರ್. ಸಂಸ್ಥೆಯೂ ಈ ಕ್ಷೇತ್ರದಲ್ಲಿದೆ. ಇಂತಹ ತಯಾರಕರು ಬೆರಳೆಣಿಕೆಯಷ್ಟೇ.

ಹಾಗಾದರೆ ಹಳೆಯ ಟೇಪನ್ನು ಸಿಕ್ಕಷ್ಟೂ ಕೊಂಡಿಡುವುದು ಜಾಣತನವೆ? ಇಲ್ಲಿಯೇ ಎಚ್ಚರ ಬೇಕು. ಟೇಪು ಪೆಟ್ಟಿಗೆಯಲ್ಲಿಟ್ಟ ಚಿನ್ನವಲ್ಲ. ಕಾಂತೀಯ ಕಣಗಳನ್ನು ಪಟ್ಟಿಗೆ ಹಿಡಿದಿಡುವ ಅಂಟು ಗಾಳಿಯ ತೇವವನ್ನು ಹೀರಿ ಒಡೆಯುವುದುಂಟು. 1970ರ ದಶಕದ ನಡುವಿನಿಂದ ಸುಮಾರು ಎರಡು ದಶಕಗಳ ಕಾಲ ತಯಾರಾದ ಆಂಪೆಕ್ಸ್ 406 ಮತ್ತು 456 ಮಾದರಿಗಳು ಈ ದೋಷಕ್ಕೆ ಪ್ರಸಿದ್ಧ. ಅಂಥ ಟೇಪು ಓಡುವಾಗ ಕಿರುಗುಟ್ಟುತ್ತದೆ. ಮುದ್ರಣದ ಹೆಡ್ಡಿನ ಮೇಲೆ ಕಂದು ಜಿಗುಟು ಬಿಡುತ್ತದೆ. ಸುಮಾರು 54 ಡಿಗ್ರಿ ಸೆಲ್ಸಿಯಸ್‌ನ ಹದವಾದ ಬಿಸಿಯಲ್ಲಿ ಹಲವು ಗಂಟೆ ಇಟ್ಟರೆ ಅದು ತಾತ್ಕಾಲಿಕವಾಗಿ ಸುಧಾರಿಸುತ್ತದೆ. ಅಷ್ಟರಲ್ಲಿ ಹಳೆಯ ಧ್ವನಿಯನ್ನು ನಕಲು ಮಾಡಿಕೊಳ್ಳಬಹುದೇ ಹೊರತು ಹೊಸ ಮುದ್ರಣಕ್ಕೆ ಅದನ್ನು ನಂಬುವಂತಿಲ್ಲ. ಅಸಿಟೇಟ್ ಟೇಪಿನ ರೋಗವೇ ಬೇರೆ: ಅದು ಹುಳಿ ವಾಸನೆ ಬೀರಿ ಸುಕ್ಕಾಗುತ್ತದೆ, ಅದನ್ನು ಬಿಸಿಗೆ ಇಡಲೇಬಾರದು. ಸುರುಳಿಯನ್ನು ಬೆಳಕಿಗೆ ಹಿಡಿದಾಗ ಬೆಳಕು ಹಾಯ್ದುಬಂದರೆ ಅದು ಅಸಿಟೇಟ್ ಎಂದು ತಿಳಿಯಬಹುದು.

ಕೊಳ್ಳುವವರು ಒಂದೇ ಮಾದರಿಗೆ ಅಂಟಿಕೊಳ್ಳುವುದು ಲೇಸು. ಮಾದರಿ ಬದಲಾದಂತೆ ಯಂತ್ರದ ಬಯಾಸ್ ವಿದ್ಯುತ್ತನ್ನು ಮತ್ತೆ ಹೊಂದಿಸಬೇಕಾಗುತ್ತದೆ. ಒಮ್ಮೆ ಬಳಸಿ ಅಳಿಸಿದ ಟೇಪು ಅಗ್ಗ. ಆದರೆ ಅಂಟಿಸಿದ ಕಡೆಗಳನ್ನು ಪರೀಕ್ಷಿಸಬೇಕು. ಸುರುಳಿಗಳನ್ನು ನೆಟ್ಟಗೆ ನಿಲ್ಲಿಸಿ, ಸುಮಾರು 20 ಡಿಗ್ರಿ ಉಷ್ಣತೆ ಹಾಗೂ 40 ಶೇಕಡ ಆರ್ದ್ರತೆಯಲ್ಲಿ, ಅಯಸ್ಕಾಂತಗಳಿಂದ ದೂರವಿಡಬೇಕು. ಮುಂಬಯಿ, ಚೆನ್ನೈಗಳಂತಹ ಕಡಲ ನಗರಗಳಲ್ಲಿ ಇದು ಸುಲಭಸಾಧ್ಯವಲ್ಲ.

ಎರಡು ಮೂರು ವರ್ಷಗಳ ಕೆಲಸಕ್ಕೆ ಸಾಲುವಷ್ಟು ಹೊಸ ಟೇಪನ್ನು ಕೊಂಡು, ಹಳೆಯದನ್ನು ಮೊದಲು ಬಳಸುತ್ತ, ಖರ್ಚಾದಷ್ಟನ್ನು ಮತ್ತೆ ತುಂಬಿಕೊಳ್ಳುವುದೇ ವಿವೇಕ. ಎಲ್ಲರೂ ಹಳೆಯ ದಾಸ್ತಾನನ್ನೇ ಕರಗಿಸುತ್ತ ಕುಳಿತರೆ ಉಳಿದ ಕಾರ್ಖಾನೆಗಳಿಗೆ ಗಿರಾಕಿಯಿರುವುದಿಲ್ಲ. ಅವು ಮುಚ್ಚಿದ ದಿನ ಯಾವ ದಾಸ್ತಾನೂ ಬಹುಕಾಲ ಕಾಯಲಾರದು. ನಮ್ಮ ಸಂಘಸಂಸ್ಥೆಗಳ ಕಪಾಟುಗಳಲ್ಲಿ ಹಿಂದಿನವರ ಭಾಷಣ, ಗಮಕಗಳ ಸುರುಳಿಗಳು ಉಳಿದಿದ್ದರೆ ಅವಕ್ಕೂ ಇದೇ ನ್ಯಾಯ ಸಲ್ಲುತ್ತದೆ: ಬೀಗ ಹಾಕಿಟ್ಟ ಮಾತ್ರಕ್ಕೆ ಅವು ಸುರಕ್ಷಿತವಲ್ಲ. ನುಡಿಸುವ ಯಂತ್ರವೂ ಅದನ್ನು ಬಲ್ಲವರೂ ಇರುವಾಗಲೇ ಅವುಗಳ ಧ್ವನಿಯನ್ನು ನಕಲು ಮಾಡಿಸತಕ್ಕದ್ದು.