ಜಪಾನೀ ಕಥಾಚಿತ್ರಗಳ ಸಂಗೀತವೂ ಅದನ್ನು ಕೇಳುವ ಬಗೆಯೂ

ಈಚೆಗೆ ನಮ್ಮ ಹೆಣ್ಣುಮಕ್ಕಳಲ್ಲಿ ಹಲವರು ಜಪಾನ್ ದೇಶದ ಹಾಡುಗಳನ್ನು ಹಣ ಕೊಟ್ಟು ಕೊಳ್ಳುತ್ತಾರೆ. ಕೊಂಡದ್ದನ್ನು ಕೇಳುವುದಕ್ಕಾಗಿ ಬೆಲೆಯುಳ್ಳ ಹೆಡ್‌ಫೋನುಗಳನ್ನೂ ತರಿಸಿಕೊಳ್ಳುತ್ತಾರೆ. ಯಾಪಲದಿನ್ನಿಯಲ್ಲಿಯೋ ಮಾನ್ವಿಯಲ್ಲಿಯೋ ದೇವದುರ್ಗದಲ್ಲಿಯೋ ಇರುವ ತಾಯಿತಂದೆಗಳಿಗೆ ಇದು ಬಿಡಿಸಲಾಗದ ಒಗಟು. ಮಗಳು ಓದು ಮುಗಿಸಿ ಬೆಂಗಳೂರಿನಲ್ಲಿಯೋ ಹೈದರಾಬಾದಿನಲ್ಲಿಯೋ ಉದ್ಯೋಗಕ್ಕೆ ಸೇರಿ, ಮೊದಲ ಕೆಲವು ಸಂಬಳಗಳಲ್ಲಿ ಉಳಿಸಿದ್ದನ್ನು ತಲೆಗೆ ಹಾಕಿಕೊಳ್ಳುವ ಒಂದು ಯಂತ್ರಕ್ಕೆ ಸುರಿದಳೆಂದರೆ, ಹತ್ತಿಯ ಧಾರಣೆ ನೋಡಿಕೊಂಡು ವರ್ಷ ಕಳೆಯುವ ಮನೆಯವರು ನಿಟ್ಟುಸಿರು ಬಿಡುವುದು ಸಹಜವೇ. ಅರ್ಥವೇ ಆಗದ ಹಾಡಿಗೆ ಇಷ್ಟು ಹಣವೇ ಎಂದು ಅವರು ಕೇಳುತ್ತಾರೆ. ಈ ಪ್ರಶ್ನೆಯು ನ್ಯಾಯವಾದುದು. ಆದರೆ ಆ ಸಂಗೀತವು ಎಂಥದು, ಕೊಳ್ಳುವುದೆಂದರೇನು, ಯಂತ್ರವು ಮಾಡುವ ಕೆಲಸವೇನು, ಕಿವಿಗೆ ಆಗುವುದೇನು ಎಂಬುದನ್ನು ತಿಳಿದುಕೊಂಡ ಮೇಲೆ ತೀರ್ಪು ಕೊಡುವುದು ಯುಕ್ತವೆಂದು ನಮಗೆ ತೋರುತ್ತದೆ.

ಕೈಯಿಂದ ಬರೆದ ಚಿತ್ರಗಳನ್ನು ಒಂದರ ಹಿಂದೊಂದರಂತೆ ಓಡಿಸಿ ತೋರಿಸುವ ಕಥೆಗಳಿಗೆ ಜಪಾನೀಯರು ‘ಆನಿಮೆ’ ಎನ್ನುತ್ತಾರೆ. 1963ನೆಯ ಇಸವಿಯ ಜನವರಿ 1ರಂದು ಒಸಾಮು ತೆಜುಕಾ ಎಂಬವರ ‘ತೆತ್ಸುವಾನ್ ಆತೊಮು’ ಅಲ್ಲಿನ ಟೆಲಿವಿಷನ್ನಿನಲ್ಲಿ ಮೊದಲಾದಂದಿನಿಂದ ಇಂಥ ಕಥೆಗಳು ವಾರವಾರವೂ ಅಲ್ಲಿಯ ಮನೆಗಳಿಗೆ ಬರುತ್ತಿವೆ. ಇವು ನಮ್ಮ ಪೂರ್ವ ವಿದ್ಯಾರ್ಥಿನಿಯರಿಗೆ ಅಪರಿಚಿತವೆಂದು ಯಾರೂ ತಿಳಿಯಬಾರದು. 1990ರ ದಶಕದಲ್ಲಿ ದೂರದರ್ಶನದಲ್ಲಿ ಭಾನುವಾರದ ದಿನ ಮೋಗ್ಲಿಯ ಕಥೆಯನ್ನು ನೋಡಿದವರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ! ಅದು 1989ರಲ್ಲಿ ಜಪಾನಿನಲ್ಲಿ ತಯಾರಾದ ಆನಿಮೆ. ಹಿಂದಿಯಲ್ಲಿ ಅದಕ್ಕೆ ಗುಲ್ಜಾರರು ಹಾಡು ಬರೆದರು, ವಿಶಾಲ್ ಭಾರದ್ವಾಜರು ರಾಗ ಕೂಡಿಸಿದರು. ಹಾಡು ನಮ್ಮದಾಗಿದ್ದರಿಂದ ಚಿತ್ರವೂ ನಮ್ಮದೆಂದೇ ಎಲ್ಲರೂ ಎಣಿಸಿದರು. ಅನಾಥ ಬಾಲಿಕೆ ಹೈಡಿಯ ಕಥೆಯನ್ನು ಶಾಲೆಯಲ್ಲಿ ಓದಿದವರಿಗೆ, ಅದನ್ನು ಇಸಾವೊ ತಕಾಹಾತಾ ಎಂಬವರು 1974ರಲ್ಲಿ ಐವತ್ತೆರಡು ವಾರಗಳ ಆನಿಮೆಯಾಗಿ ಮಾಡಿದರೆಂಬುದು ಸಂತೋಷದ ಸಂಗತಿಯಾದೀತು. ರಾಮಾಯಣವೂ ಉಂಟು. ಯುಗೊ ಸಾಕೊ ಮತ್ತು ನಮ್ಮ ರಾಮ್ ಮೋಹನರು ಸೇರಿ ತಯಾರಿಸಿದ, 1992ರಲ್ಲಿ ಮುಗಿದ ಆ ಚಿತ್ರಕ್ಕೆ ವನರಾಜ್ ಭಾಟಿಯಾ ಅವರ ಸಂಗೀತವಿತ್ತು. ಅದು 2025ರ ಜನವರಿಯಲ್ಲಿ ನಮ್ಮ ದೇಶದ ಚಿತ್ರಮಂದಿರಗಳಿಗೆ ಮತ್ತೊಮ್ಮೆ ಬಂದಿತು.

ಭಾಷೆ ತಿಳಿಯದಿದ್ದರೂ ಈ ಹಾಡುಗಳು ನಮ್ಮ ಹುಡುಗಿಯರ ನಾಲಿಗೆಗೆ ಇಷ್ಟು ಸುಲಭವಾಗಿ ಹತ್ತುವುದೇಕೆ? ನಮಗೆ ಕಾಣುವ ಕಾರಣಗಳು ಎರಡು. ಮೊದಲನೆಯದು, ಜಪಾನೀ ಶಬ್ದಗಳು ಬಹುಮಟ್ಟಿಗೆ ಕನ್ನಡ ತೆಲುಗುಗಳ ಶಬ್ದಗಳಂತೆ ಸ್ವರದಲ್ಲಿ ಮುಗಿಯುತ್ತವೆ. ವಾಕ್ಯದ ಕೊನೆಯಲ್ಲಿ ನಮ್ಮಂತೆಯೇ ಕ್ರಿಯಾಪದ ಬರುತ್ತದೆ. ಇಂಗ್ಲಿಷ್ ಹಾಡಿನಲ್ಲಿ ತೊಡರುವ ನಾಲಿಗೆಯು ಜಪಾನೀ ಹಾಡಿನಲ್ಲಿ ತೊಡರದು. ಯಾಪಲದಿನ್ನಿಯಂಥ ಗಡಿಸೀಮೆಯಲ್ಲಿ, ಕನ್ನಡ ತೆಲುಗುಗಳೆರಡನ್ನೂ ಒಂದೇ ಅಂಗಳದಲ್ಲಿ ಕೇಳಿ ಬೆಳೆದ ಹುಡುಗಿಗೆ ಮೂರನೆಯದೊಂದರ ಧ್ವನಿಯನ್ನು ಹಿಡಿಯುವುದು ಅಂಥ ದೊಡ್ಡ ಮಾತೂ ಅಲ್ಲ.

ಎರಡನೆಯ ಕಾರಣವು ನಮ್ಮಂಥ ಮಿಷನ್ ಶಾಲೆಗಳಲ್ಲಿ ಓದಿದವರಿಗೆ ವಿಶೇಷವಾಗಿ ಹೇಳತಕ್ಕದ್ದು. 1880ರಲ್ಲಿ ಜಪಾನ್ ಸರಕಾರವು ಬೋಸ್ಟನ್ ನಗರದ ಸಂಗೀತೋಪಾಧ್ಯಾಯರಾದ ಲೂಥರ್ ವೈಟಿಂಗ್ ಮೇಸನ್ ಎಂಬವರನ್ನು ಕರೆಯಿಸಿಕೊಂಡು, ಶಾಲೆಯ ಮಕ್ಕಳಿಗೆ ಹಾಡು ಕಲಿಸುವ ಏರ್ಪಾಡು ಮಾಡಿತು. 1881ರಲ್ಲಿ ಮೊದಲ ಶಾಲಾಗೀತೆಗಳ ಪುಸ್ತಕವು ಸಿದ್ಧವಾಯಿತು. ಅದರಲ್ಲಿ ಪಾಶ್ಚಾತ್ಯ ರಾಗಗಳಿಗೆ ಜಪಾನೀ ಮಾತುಗಳನ್ನು ಹೊಂದಿಸಿದ್ದರು. ಆ ಕಾಲದ ಶಾಲಾಗೀತೆಗಳಲ್ಲಿ ನಮ್ಮ ಪ್ರಾರ್ಥನಾಮಂದಿರಗಳಲ್ಲಿ ಹಾಡುವಂಥ ಸ್ತುತಿಗೀತೆಗಳ ರಾಗಗಳೂ ಸೇರಿಕೊಂಡವು. ‘ಆಲ್ಡ್ ಲ್ಯಾಂಗ್ ಸೈನ್’ ಎಂಬ ಸ್ಕಾಟ್ಲೆಂಡಿನ ರಾಗವು ‘ಹೊತಾರು ನೊ ಹಿಕಾರಿ’ ಎಂಬ ಹೆಸರಿನಿಂದ ಜಪಾನಿನ ಶಾಲೆಗಳ ಬೀಳ್ಕೊಡುಗೆಯ ಹಾಡಾಗಿ ನೆಲೆಸಿದ್ದು ಹಾಗೆ. ಸಪ್ತಸ್ವರಗಳಲ್ಲಿ ನಾಲ್ಕನೆಯದನ್ನೂ ಏಳನೆಯದನ್ನೂ ಬಿಟ್ಟು ಐದರಲ್ಲೇ ನಡೆಯುವ ರಾಗಗಳು ಅಲ್ಲಿಯವರಿಗೆ ತುಂಬ ಹಿಡಿಸಿದವು. ಆ ಕ್ರಮಕ್ಕೆ ಅವರು ‘ಯೊನಾನುಕಿ’, ಅಂದರೆ ನಾಲ್ಕು ಏಳುಗಳನ್ನು ಕಳೆದದ್ದು, ಎಂದು ಹೆಸರಿಟ್ಟರು. ಸ ರಿ ಗ ಪ ದ ಎಂದು ಹಾಡಿಕೊಂಡರೆ ಅದು ನಮ್ಮ ಮೋಹನವೇ; ಹಿಂದೂಸ್ತಾನಿಯವರ ಭೂಪಾಲಿಯೇ. ಅಲ್ಲಿಯ ಜನಪ್ರಿಯ ಗೀತೆಗಳಲ್ಲಿ ಈ ಅಚ್ಚು ಇಂದಿಗೂ ಅಲ್ಲಲ್ಲಿ ಕಾಣುತ್ತದೆ. ಹಾರ್ಮೋನಿಯಮ್ಮಿನೊಂದಿಗೆ ಸ್ತುತಿಗೀತೆ ಹಾಡಿ ಬೆಳೆದ ಹುಡುಗಿಯು ಜಪಾನೀ ರಾಗವೊಂದನ್ನು ಕೇಳಿ “ಇದು ಎಲ್ಲೋ ಕೇಳಿದಂತಿದೆ” ಎಂದರೆ ಅವಳು ಸುಳ್ಳು ಹೇಳುತ್ತಿಲ್ಲ.

ಸಂಗೀತದ ಮಟ್ಟವನ್ನೂ ಹೇಳಬೇಕು. ಜೋ ಹಿಸೈಶಿ ಎಂಬವರು 1984ರಿಂದ ಹಯಾವೊ ಮಿಯಾಜಾಕಿಯವರ ಚಿತ್ರಗಳಿಗೆ ಪೂರ್ಣ ವಾದ್ಯವೃಂದದ ಸಂಗೀತವನ್ನು ರಚಿಸುತ್ತ ಬಂದಿದ್ದಾರೆ. 2001ರ ‘ಸ್ಪಿರಿಟೆಡ್ ಅವೇ’ ಚಿತ್ರದಲ್ಲಿ ಒಂದು ಪಿಯಾನೊ ಮಾತ್ರ ಮೆಲ್ಲನೆ ನುಡಿಯುವ ಸ್ಥಳಗಳುಂಟು, ಅಲ್ಲಿ ಮೌನವೂ ಸಂಗೀತದ ಭಾಗವೇ. ಯೂಕಿ ಕಾಜಿಯೂರಾ ಎಂಬ ಮಹಿಳೆಯು ಯಾವ ಭಾಷೆಗೂ ಸೇರದ, ತಾನೇ ಕಲ್ಪಿಸಿದ ಶಬ್ದಗಳಲ್ಲಿ ವೃಂದಗಾನಗಳನ್ನು ರಚಿಸುತ್ತಾಳೆ. ಅವು ದೇವಾಲಯದ ಗಾನದಂತೆ ಕೇಳುತ್ತವೆ. 1995ರ ‘ಇವಾಂಗೇಲಿಯನ್’ ಎಂಬುದರಲ್ಲಿ ಹ್ಯಾಂಡೆಲನ ‘ಮೆಸ್ಸಾಯ’ದ ಹಲ್ಲೆಲೂಯ ಗಾನವನ್ನೇ ಬಳಸಿದ್ದಾರೆ. (ಈ ಕೊನೆಯ ಕಥೆಯು ಬಹಳ ಕಠೋರವಾದುದು; ಚಿಕ್ಕ ಮಕ್ಕಳಿಗೆ ತಕ್ಕದ್ದಲ್ಲ. ಆನಿಮೆಯೆಂದರೆ ಎಲ್ಲವೂ ಮಕ್ಕಳಿಗಾಗಿಯೇ ಎಂದು ತಾಯಂದಿರು ನಂಬಿ ಕೂಡಬಾರದು.)

ಇನ್ನು ಕೊಳ್ಳುವ ವಿಚಾರ. ಟೆಲಿವಿಷನ್ನಿನ ಕಥೆಯ ಮೊದಲಲ್ಲಿ ಒಂದು ಹಾಡು, ಕೊನೆಯಲ್ಲಿ ಒಂದು ಹಾಡು ಇರುವುದು ವಾಡಿಕೆ. ಒಂದೊಂದಕ್ಕೂ ದೊರೆಯುವ ಅವಕಾಶವು ಸುಮಾರು ಒಂದೂವರೆ ನಿಮಿಷ. ರಚಿಸಿದವರ ಪೂರ್ಣ ಹಾಡು ನಾಲ್ಕು ನಿಮಿಷದ್ದಿರುತ್ತದೆ. ಅದು ಬೇಕಾದವರು ಬೇರೆಯಾಗಿ ಕೊಳ್ಳಬೇಕು. ಸಂಗೀತವು ಯಂತ್ರದ ಅಳತೆಗೆ ತನ್ನನ್ನು ಕತ್ತರಿಸಿಕೊಳ್ಳುವುದು ಹೊಸದೇನೂ ಅಲ್ಲ. 1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪೆನಿಯ ಫ್ರೆಡ್ ಗೈಸ್‌ಬರ್ಗ್ ಎಂಬವರು ಕಲಕತ್ತೆಯಲ್ಲಿ ಗೌಹರ್ ಜಾನ್ ಅವರ ಹಾಡನ್ನು ಮುದ್ರಿಸಿದಾಗ, ಗಂಟೆಗಟ್ಟಲೆ ಹಾಡಬಲ್ಲ ಆ ಗಾಯಕಿಯು ಎರಡು ಮೂರು ನಿಮಿಷಗಳಲ್ಲಿ ರಾಗವನ್ನು ಮುಗಿಸಿ, ಕೊನೆಯಲ್ಲಿ ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ಕೂಗಿ ಹೇಳಬೇಕಾಯಿತು. ತಟ್ಟೆಗಳನ್ನು ಒತ್ತುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಯಾರ ಹಾಡೆಂದು ಅಲ್ಲಿಯವರಿಗೆ ತಿಳಿಯಬೇಡವೇ? ಅರ್ಥ ತಿಳಿಯದ ಹಾಡನ್ನು ಜತನದಿಂದ ಕಾಯ್ದು ಕಳುಹಿಸಿದ ಕೀರ್ತಿಯು ಆ ಜರ್ಮನ್ ಕೆಲಸಗಾರರಿಗೂ ಸಲ್ಲುತ್ತದೆ. ಗೌಹರ್ ಜಾನ್ ಅವರು 1928ರಲ್ಲಿ ಮೈಸೂರಿನ ಅರಮನೆಯ ಆಶ್ರಯಕ್ಕೆ ಬಂದು, 1930ರ ಜನವರಿಯಲ್ಲಿ ಅಲ್ಲಿಯೇ ತೀರಿಕೊಂಡರು. ಹುಟ್ಟಿದಾಗ ಅವರ ಹೆಸರು ಆಂಜಲೀನಾ ಯೋವರ್ಡ್ ಎಂದಿತ್ತೆಂಬುದನ್ನು ನಮ್ಮ ವಾಚಕರಲ್ಲಿ ಹಲವರು ಅರಿಯರು.

ಜಪಾನೀ ಹಾಡನ್ನು ಕೊಳ್ಳುವ ದಾರಿಗಳು ಎರಡು. ಅಲ್ಲಿ ಇಂದಿಗೂ ಸಿ.ಡಿ. ತಟ್ಟೆಗಳ ವ್ಯಾಪಾರ ನಡೆಯುತ್ತಿದೆ. ಹಾಡುಗಳ ಒಂದು ಸಂಪುಟಕ್ಕೆ 3,000 ಯೆನ್ನಿನ ಆಸುಪಾಸು ಬೆಲೆ. ಅಂಗಡಿಯವರು ಮನಬಂದಂತೆ ಬೆಲೆ ಇಳಿಸದ ಹಾಗೆ, ಪುಸ್ತಕಗಳಿಗೂ ಸಂಗೀತದ ತಟ್ಟೆಗಳಿಗೂ ಪ್ರಕಾಶಕರೇ ಬೆಲೆ ಕಟ್ಟಲು ಅಲ್ಲಿಯ ಕಾಯಿದೆಯು ಎಡೆಗೊಡುತ್ತದೆ. ಡಬ್ಬಿಯ ಪಕ್ಕಕ್ಕೆ ಸುತ್ತಿದ ಕಾಗದದ ಪಟ್ಟಿಯನ್ನು ಅವರು ‘ಓಬಿ’ ಎನ್ನುತ್ತಾರೆ. ಕಿಮೋನೊ ಉಡುಪಿನ ನಡುಪಟ್ಟಿಗೂ ಅದೇ ಹೆಸರು. ಒಳಗಿನ ಪುಸ್ತಿಕೆಯಲ್ಲಿ ಪಿಟೀಲು ಬಾರಿಸಿದವರ ಹೆಸರಿನವರೆಗೆ ಅಚ್ಚಾಗಿರುತ್ತದೆ. ಆದರೆ ಅಂಚೆಯ ಖರ್ಚೂ ನಮ್ಮ ಸುಂಕವೂ ಸೇರಿದರೆ ಬೆಲೆಯು ಬಹಳ ಏರುವುದರಿಂದ, ಮೊದಲೇ ಲೆಕ್ಕ ಹಾಕದೆ ತರಿಸುವುದು ಜಾಣತನವಲ್ಲ. ಎರಡನೆಯ ದಾರಿ, ಹಾಡನ್ನು ಅಂಕಿಗಳ ರೂಪದಲ್ಲಿ ಅಂತರಜಾಲದಿಂದ ಕೊಂಡು ಇಳಿಸಿಕೊಳ್ಳುವುದು. ತಿಂಗಳ ಚಂದಾ ಕೊಟ್ಟು ಕೇಳುವ ಪದ್ಧತಿಯು ಅಗ್ಗವಾದರೂ, ಹಕ್ಕಿನ ಒಪ್ಪಂದ ತೀರಿದಾಗ ಆ ಹಾಡು ಒಂದು ದಿನ ಪಟ್ಟಿಯಿಂದ ಮಾಯವಾಗುವುದುಂಟು. ಕೊಂಡದ್ದು ಮಾತ್ರ ಮನೆಯಲ್ಲಿಯೇ ಇರುತ್ತದೆ. ಕದ್ದ ಪ್ರತಿಗಳ ವಿಚಾರವನ್ನು ಈ ಶಾಲೆಯಲ್ಲಿ ಓದಿದವರಿಗೆ ನಾವು ಬಿಡಿಸಿ ಹೇಳಬೇಕಾಗಿಲ್ಲ.

ಅಂಕಿಗಳ ರೂಪವೆಂದರೆ ಏನು? 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಯಲ್ಲಿ ಧ್ವನಿಯ ಅಲೆಯನ್ನು ಸೆಕೆಂಡಿಗೆ 44,100 ಸಲ ಅಳೆದು, ಪ್ರತಿಯೊಂದು ಅಳತೆಯನ್ನೂ 65,536 ಮೆಟ್ಟಿಲುಗಳಲ್ಲಿ ಒಂದೆಂದು ಬರೆದಿಡುತ್ತಾರೆ. ಮನುಷ್ಯನ ಕಿವಿಯು ಸೆಕೆಂಡಿಗೆ 20ರಿಂದ 20,000 ಕಂಪನಗಳವರೆಗೆ ಮಾತ್ರ ಕೇಳುವುದರಿಂದ ಇಷ್ಟು ಅಳತೆ ಸಾಕು. ಎಂ.ಪಿ.3 ಮುಂತಾದ ರೂಪಗಳಲ್ಲಿ, ಕಿವಿಗೆ ಹೇಗೂ ಕೇಳಿಸದೆಂದು ಎಣಿಸಿದ ಭಾಗವನ್ನು ತೆಗೆದುಹಾಕಿ ಗಾತ್ರವನ್ನು ಕುಗ್ಗಿಸುತ್ತಾರೆ. ಸೆಕೆಂಡಿಗೆ 1,411 ಸಾವಿರ ಬಿಟ್ಟುಗಳಿದ್ದುದನ್ನು 128 ಸಾವಿರಕ್ಕೆ ಇಳಿಸಿದರೆ ತಾಳದ ಝಣತ್ಕಾರವು ಮರಳು ಸುರಿದಂತೆ ಕೇಳಬಹುದು. 320 ಸಾವಿರದಲ್ಲಿಟ್ಟರೆ ಮೂಲಕ್ಕೂ ಅದಕ್ಕೂ ಇರುವ ಭೇದವನ್ನು ಗುರುತಿಸುವುದು ಪಳಗಿದ ಕಿವಿಗೂ ಕಷ್ಟ. ಆದಕಾರಣ ಸಿ.ಡಿ.ಗಿಂತ ಮೇಲ್ತರದ್ದೆಂದು ಹೆಚ್ಚು ಹಣಕ್ಕೆ ಮಾರುವ ಪ್ರತಿಗಳಿಗೆ ಆಸೆಪಡಬೇಕಾಗಿಲ್ಲವೆಂಬುದು ನಮ್ಮ ಅಭಿಪ್ರಾಯ. ಆ ಹಣವನ್ನು ಹೆಡ್‌ಫೋನಿಗೆ ಸೇರಿಸುವುದು ಮೇಲು.

ಹೆಡ್‌ಫೋನಿನೊಳಗೆ ಒಂದು ಅಯಸ್ಕಾಂತ, ಅದರ ನಡುವೆ ತಂತಿಯ ಸುರುಳಿ, ಸುರುಳಿಗೆ ಅಂಟಿದ ತೆಳುವಾದ ಪೊರೆ ಇರುತ್ತವೆ. ಸುರುಳಿಯಲ್ಲಿ ವಿದ್ಯುತ್ತು ಹರಿದಂತೆ ಪೊರೆಯು ಅದುರಿ ಗಾಳಿಯನ್ನು ನೂಕುತ್ತದೆ. ಪೊರೆಯು ಹಗುರವಾಗಿ, ಎಲ್ಲ ಕಡೆಯೂ ಒಂದೇ ಸಮನೆ ಅದುರಿದಷ್ಟೂ ಧ್ವನಿಯು ನಿಜಕ್ಕೆ ಹತ್ತಿರವಾಗುತ್ತದೆ. ಜಪಾನಿನ ಸ್ಟ್ಯಾಕ್ಸ್ ಎಂಬ ಕಂಪೆನಿಯು 1960ರಲ್ಲಿ ಸುರುಳಿಯನ್ನೇ ಬಿಟ್ಟು, ಸ್ಥಿರವಿದ್ಯುತ್ತಿನ ಸೆಳೆತದಿಂದ ಪೊರೆಯನ್ನು ಆಡಿಸುವ ಯಂತ್ರವನ್ನು ಮಾರಿತು. 1968ರಲ್ಲಿ ಜರ್ಮನಿಯ ಸೆನ್‌ಹೈಸರ್ ಕಂಪೆನಿಯು ಹಿಂಬದಿ ತೆರೆದ ಹೆಡ್‌ಫೋನನ್ನು ಹೊರತಂದಿತು. ಹಿಂಬದಿ ತೆರೆದದ್ದರಲ್ಲಿ ಹಾಡು ತಲೆಯೊಳಗೆ ತುಂಬಿಕೊಂಡಂತಲ್ಲದೆ ಕೋಣೆಯಲ್ಲಿ ಹರಡಿದಂತೆ ಕೇಳುತ್ತದೆ. ವೃಂದಗಾನದಲ್ಲಿ ಮೇಲಿನ ಸ್ವರದವರು ಎಲ್ಲಿ ನಿಂತಿದ್ದಾರೆ, ಕೆಳಗಿನವರು ಎಲ್ಲಿ ಎಂಬುದೂ ತಿಳಿಯುತ್ತದೆ. ಆದರೆ ಹೊರಗಿನ ಗದ್ದಲವೆಲ್ಲ ಒಳಗೆ ಬರುತ್ತದೆ, ಒಳಗಿನ ಹಾಡು ಪಕ್ಕದವರಿಗೂ ಕೇಳುತ್ತದೆ. ವಸತಿಗೃಹದ ಕೋಣೆಯಲ್ಲಿ ನಾಲ್ವರ ನಡುವೆ ಅದು ಉಪದ್ರವವೇ. ಅಂಥಲ್ಲಿ ಹಿಂಬದಿ ಮುಚ್ಚಿದ್ದೇ ತಕ್ಕದ್ದು. ಕೆಲವು ಸಾವಿರ ರೂಪಾಯಿಗಳ ಒಳ್ಳೆಯ ತಂತಿಯ ಹೆಡ್‌ಫೋನಿಗೂ ಅಗ್ಗದ ಗುಬಟಿಗೂ ಇರುವ ಅಂತರವು ದೊಡ್ಡದು. ಅಲ್ಲಿಂದ ಲಕ್ಷ ರೂಪಾಯಿಯದಕ್ಕೆ ಏರಿದಾಗ ದೊರೆಯುವ ಅಂತರವು ಅಷ್ಟು ದೊಡ್ಡದಲ್ಲ.

ಈಗ ತಾಯಿತಂದೆಗಳು ಹಣಕ್ಕಿಂತ ಹೆಚ್ಚಾಗಿ ಚಿಂತಿಸಬೇಕಾದ ವಿಷಯಕ್ಕೆ ಬಂದೆವು. ಒಳಗಿವಿಯಲ್ಲಿ ಧ್ವನಿಯನ್ನು ಹಿಡಿಯುವ ರೋಮಕೋಶಗಳು ಒಂದೊಂದು ಕಿವಿಗೆ ಸುಮಾರು ಹದಿನೈದು ಸಾವಿರ ಮಾತ್ರ. ಸತ್ತ ಕೋಶವು ಮರಳಿ ಹುಟ್ಟದು. ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆಯಂತೆ ಬೆಳೆದವರು 80 ಡೆಸಿಬೆಲ್ ಗಟ್ಟಿಯಾದ ಧ್ವನಿಯನ್ನು ವಾರಕ್ಕೆ 40 ಗಂಟೆಗಳವರೆಗೆ ಕೇಳಬಹುದು. ಮಕ್ಕಳಿಗೆ 75 ಡೆಸಿಬೆಲ್ಲೇ ಮಿತಿ. ಪ್ರತಿ ಮೂರು ಡೆಸಿಬೆಲ್ ಏರಿದಂತೆ ಕಾಲವು ಅರ್ಧವಾಗುತ್ತದೆ: 83ಕ್ಕೆ 20 ಗಂಟೆ, 86ಕ್ಕೆ 10, 89ಕ್ಕೆ 5. ಹೀಗೆಯೇ ಇಳಿಯುತ್ತ 101ಕ್ಕೆ ಬರುವಷ್ಟರಲ್ಲಿ ವಾರಕ್ಕೆ ಹತ್ತೊಂಬತ್ತು ನಿಮಿಷವೂ ಉಳಿಯದು. ಯಾಪಲದಿನ್ನಿಯಿಂದ ರಾಯಚೂರಿಗೆ ಹೊರಟ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತ ಹುಡುಗಿಯು, ಇಂಜಿನಿನ ಸದ್ದನ್ನು ಮೀರಿಸುವುದಕ್ಕಾಗಿ ಅಗ್ಗದ ಗುಬಟಿಯ ಧ್ವನಿಯನ್ನು ಏರಿಸುತ್ತಲೇ ಹೋಗುತ್ತಾಳೆ, ಅಪಾಯವಿರುವುದು ಅಲ್ಲಿ. ಹೊರಗಿನ ಸದ್ದನ್ನು ತಡೆಯುವ ಒಳ್ಳೆಯ ಹೆಡ್‌ಫೋನನ್ನು ಧರಿಸಿದವಳು ಕಡಿಮೆ ಧ್ವನಿಯಲ್ಲೇ ಹಾಡಿನ ಎಲ್ಲ ಎಳೆಗಳನ್ನೂ ಕೇಳಬಲ್ಲಳು. ಬೆಲೆಯುಳ್ಳ ಯಂತ್ರವನ್ನು ಸಮರ್ಥಿಸುವುದಕ್ಕೆ ನಮಗೆ ಕಾಣುವ ದೊಡ್ಡ ಕಾರಣವು ಇದೊಂದೇ. ಆದರೆ ಅದನ್ನು ಧರಿಸಿಯೂ ಧ್ವನಿಯನ್ನು ಏರಿಸುವವಳಿಗೆ ಅದೇ ಯಂತ್ರವೂ ಹಾನಿ ಮಾಡುತ್ತದೆ. ಕೇಳಿ ಮುಗಿಸಿದ ಮೇಲೆ ಕಿವಿಯಲ್ಲಿ ಗುಂಯ್ ಎಂಬ ನಾದವು ನಿಂತರೆ, ಎದುರಿನವರ ಮಾತನ್ನು ಎರಡನೆಯ ಸಲ ಕೇಳಬೇಕಾಗಿ ಬಂದರೆ, ತಡಮಾಡದೆ ಕಿವಿಯ ವೈದ್ಯರಿಗೆ ತೋರಿಸಬೇಕು.

ಕೊಳ್ಳುವವರಿಗೆ ಇನ್ನೊಂದು ಮಾತು. ನಮ್ಮ ಸೀಮೆಯ ಏಪ್ರಿಲ್ ಮೇ ತಿಂಗಳುಗಳ ಬಿಸಿಲಿನಲ್ಲಿ, ಬೆವರು ತಾಗಿದ ಕೃತಕ ಚರ್ಮದ ಮೆತ್ತೆಗಳು ಬಿರಿದು ಉದುರುತ್ತವೆ. ಅರಿವೆಯ ಮೆತ್ತೆಯುಳ್ಳದ್ದನ್ನು, ಇಲ್ಲವೆ ಮೆತ್ತೆಯನ್ನೂ ತಂತಿಯನ್ನೂ ಬೇರೆಯಾಗಿ ತರಿಸಿ ಬದಲಿಸಲು ಬರುವಂಥದನ್ನು ಆರಿಸಿದರೆ, ಒಂದೇ ಯಂತ್ರವು ಹತ್ತಾರು ವರ್ಷ ಬಾಳುತ್ತದೆ.